ಹಳೆಯ ಪಿಕಪ್‌ನ ಮೀಟರ್ ಬೋರ್ಡ್: ಹೊಸ ಹೊಳಪು, ಹಳೆಯ ತಪ್ಪು

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಒಂದು ಹೋಬಳಿ ಕೇಂದ್ರ. ಸುತ್ತಮುತ್ತಲಿನ ತೋಟಗಳಿಂದ ಟೊಮೆಟೊ, ಮಾವು, ತರಕಾರಿಗಳನ್ನು ಕೋಲಾರ, ಶ್ರೀನಿವಾಸಪುರ, ಗಡಿಯಾಚೆಯ ಮದನಪಲ್ಲಿಯ ಮಾರುಕಟ್ಟೆಗಳಿಗೆ ಸಾಗಿಸುವ ಕೆಲಸವನ್ನು ಇಲ್ಲಿ ಹೆಚ್ಚಾಗಿ ಪಿಕಪ್ ವಾಹನಗಳೇ ಮಾಡುತ್ತವೆ. ಅವುಗಳಲ್ಲಿ ಹಲವು ಹದಿನೈದು, ಇಪ್ಪತ್ತು ವರ್ಷ ದುಡಿದ ಗಾಡಿಗಳು. ಎಂಜಿನ್ನಿಗೆ ರಿಪೇರಿ ಆಗಿರುತ್ತದೆ, ಟಯರು ಬದಲಾಗಿರುತ್ತದೆ. ಆದರೆ ಚಾಲಕನ ಕಣ್ಣೆದುರೇ ಇರುವ ಮೀಟರ್ ಬೋರ್ಡಿನ ಕಡೆ ಗಮನ ಹೋಗುವುದು ಗಾಡಿಯನ್ನು ಮಾರುವಾಗ ಅಥವಾ ಹೊಸದಾಗಿ ಬಣ್ಣ ಹೊಡೆಸುವಾಗ ಮಾತ್ರ.

ಆಗ ನಡೆಯುವ ಕೆಲಸ ಸಾಮಾನ್ಯವಾಗಿ ಹೀಗಿರುತ್ತದೆ. ಮಸುಕಾದ ಮುಂಗಾಜಿಗೆ ಪಾಲಿಶ್. ಬಿಸಿಲಿಗೆ ಬಿಳಿಚಿಕೊಂಡ ಮುಳ್ಳಿಗೆ ಕಿತ್ತಳೆ ಬಣ್ಣ. ಅಂಕಿಗಳಿರುವ ಮುಖಪಟ್ಟಿಗೆ ಹೊಸ ಸ್ಟಿಕ್ಕರ್. ಮಂಕು ಬಲ್ಬುಗಳ ಜಾಗದಲ್ಲಿ ನೀಲಿ ಅಥವಾ ಬಿಳಿ ಎಲ್‌ಇಡಿ. ಗಾಡಿ ಹೊಸದರಂತೆ ಕಾಣುತ್ತದೆ. ಆದರೆ ಮಾಪಕವೊಂದು ಸರಿಯಾಗಿದೆ ಎಂದು ಹೇಳಲು ಇಷ್ಟು ಸಾಕೇ? ಈ ಬಗೆಯ 'ನವೀಕರಣ'ವನ್ನು ಭೌತವಿಜ್ಞಾನದ ಕಣ್ಣಿನಿಂದ ವಿಮರ್ಶಿಸುವುದು ಈ ಲೇಖನದ ಉದ್ದೇಶ. ಜೊತೆಗೆ ಈ ಮಾಪಕಗಳನ್ನು ರೂಪಿಸಿದವರ ಆಯ್ಕೆಗಳನ್ನೂ, ನಮ್ಮ ತರಗತಿಗಳು ಇವನ್ನು ಕಡೆಗಣಿಸಿರುವುದನ್ನೂ ಪ್ರಶ್ನಿಸಬೇಕಾಗಿದೆ.

ಸತ್ತ ಮಾಪಕ, ಸುಳ್ಳು ಮಾಪಕ

ಮುಳ್ಳು ಅಲುಗಾಡದ ಮಾಪಕವನ್ನು ಯಾರೂ ನಂಬುವುದಿಲ್ಲ. ಚಾಲಕ ಕಡ್ಡಿ ಇಳಿಸಿ ಡೀಸೆಲ್ ನೋಡುತ್ತಾನೆ, ಆಗಾಗ ಗಾಡಿ ನಿಲ್ಲಿಸಿ ಎಂಜಿನ್ ಕಡೆ ಗಮನ ಕೊಡುತ್ತಾನೆ. ಅಂದವಾಗಿ ಹೊಳೆಯುತ್ತಾ, ಸರಾಗವಾಗಿ ಚಲಿಸುತ್ತಾ, ತಪ್ಪು ಅಳತೆ ತೋರಿಸುವ ಮಾಪಕದ ವಿಷಯ ಬೇರೆ. ಅದನ್ನು ಎಲ್ಲರೂ ನಂಬುತ್ತಾರೆ. ಆದ್ದರಿಂದ ಅಂಶಾಂಕನ ಮಾಡದೆ, ಎಂದರೆ ಗೊತ್ತಿರುವ ಅಳತೆಯೊಂದಿಗೆ ಹೋಲಿಸಿ ನೋಡದೆ, ಮುಖಕ್ಕೆ ಮಾತ್ರ ಹೊಳಪು ಕೊಡುವುದು ಅರೆ ರಿಪೇರಿಯಲ್ಲ, ಹೊಸ ಅಪಾಯ. 15 ಕಿಲೋ ತೂಕದ ನೂರು ಬಾಕ್ಸ್ ಟೊಮೆಟೊ ಎಂದರೆ ಒಂದೂವರೆ ಟನ್ ಹೊರೆ. ಅಷ್ಟನ್ನು ಹೊತ್ತ ಗಾಡಿ ಬೆಳಗಿನ ಜಾವ ಹರಾಜಿಗೆ ಮುನ್ನ ಎಂಜಿನ್ ಕಾದು ದಾರಿಯಲ್ಲಿ ನಿಂತರೆ ನಷ್ಟ ಯಾರದೆಂದು ಹೇಳಬೇಕಾಗಿಲ್ಲ.

ಉಷ್ಣತಾ ಮಾಪಕ: ತಂತಿ ಕಡಿದರೆ 'ತಣ್ಣಗಿದೆ'

ಎಂಜಿನ್ನಿನ ತಂಪುನೀರಿನ ಉಷ್ಣತೆಯನ್ನು ಅಳೆಯಲು ಬಳಸುವುದು ಥರ್ಮಿಸ್ಟರ್. ಉಷ್ಣತೆ ಏರಿದಂತೆ ಇದರ ವಿದ್ಯುದ್ರೋಧ ಇಳಿಯುತ್ತದೆ. ಬಿಸಿಯಾದಾಗ ರೋಧ ಇಳಿಯುವ ಈ ಗುಣವನ್ನು ಮೈಕೇಲ್ ಫ್ಯಾರಡೆ 1833ರಲ್ಲಿಯೇ ಬೆಳ್ಳಿಯ ಸಲ್ಫೈಡಿನಲ್ಲಿ ಗುರುತಿಸಿದ್ದ. ವಾಹನಗಳಲ್ಲಿ ಬಳಕೆಯಲ್ಲಿರುವ ಒಂದು ಸಾಮಾನ್ಯ ಬಗೆಯ ಸೆನ್ಸರ್‌ನ ರೋಧ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 290 ಓಮ್ ಇದ್ದರೆ, 120 ಡಿಗ್ರಿಯಲ್ಲಿ 20 ಓಮ್‌ಗಳ ಆಸುಪಾಸಿಗೆ ಬರುತ್ತದೆ.

ಈಗ ಯೋಚಿಸಿ. ಸೆನ್ಸರಿಗೆ ಹೋಗುವ ತಂತಿ ಕಡಿದರೆ ಏನಾಗುತ್ತದೆ? ರೋಧ ಅನಂತವಾಗುತ್ತದೆ. ಹೆಚ್ಚು ರೋಧ ಎಂದರೆ ಕಡಿಮೆ ಉಷ್ಣತೆ. ಆದ್ದರಿಂದ ಮುಳ್ಳು 'ತಣ್ಣಗಿದೆ' ಎಂಬ ತುದಿಯಲ್ಲಿ ಮಲಗಿರುತ್ತದೆ. ಕೆಟ್ಟ ಮಾಪಕ ಸುರಕ್ಷಿತ ಸ್ಥಿತಿಯನ್ನು ಸೂಚಿಸುತ್ತದೆ! ಇದು ವಿನ್ಯಾಸದ ದೋಷವೆಂದೇ ಹೇಳಬೇಕು. ಕೆಟ್ಟಾಗ ಎಚ್ಚರಿಸುವುದು ಒಳ್ಳೆಯ ಉಪಕರಣದ ಲಕ್ಷಣ. ರೇಡಿಯೇಟರಿನ ನೀರು ಪೂರ್ತಿ ಸೋರಿಹೋದಾಗಲೂ ಇಂಥದೇ ತೊಂದರೆ. ಆಗ ಸೆನ್ಸರ್ ನೀರಿನಲ್ಲಿರದೆ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಎಂಜಿನ್ನಿನ ಲೋಹ ಸುಡುತ್ತಿದ್ದರೂ ಮಾಪಕ ಅದನ್ನು ಪೂರ್ಣವಾಗಿ ತೋರಿಸದಿರಬಹುದು. ಸಿಲಿಂಡರ್ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋದಮೇಲೆ ಮಾತ್ರ ವಿಷಯ ತಿಳಿಯುತ್ತದೆ.

ಕೋಲಾರ ಜಿಲ್ಲೆಯ ಮಟ್ಟಿಗೆ ಇನ್ನೊಂದು ಮಾತು ಸೇರಿಸಬೇಕು. ಇಲ್ಲಿನ ಕೊಳವೆಬಾವಿಗಳ ನೀರು ಗಡುಸು. ಅದನ್ನೇ ರೇಡಿಯೇಟರಿಗೆ ತುಂಬುತ್ತಾ ಹೋದರೆ ಪಾತ್ರೆಯ ತಳದಲ್ಲಿ ಕಟ್ಟುವಂಥ ಸುಣ್ಣದ ಪದರ ಸೆನ್ಸರಿನ ಮೇಲೂ ಕಟ್ಟುತ್ತದೆ. ಸುಣ್ಣದ ಪದರ ಉಷ್ಣದ ಮಂದವಾಹಕ. ಹೀಗಾಗಿ ಉಷ್ಣತೆ ಏರಿದ ಸುದ್ದಿ ಮಾಪಕಕ್ಕೆ ತಡವಾಗಿ ಮುಟ್ಟುತ್ತದೆ. ಮುಖಪಟ್ಟಿಗೆ ಸ್ಟಿಕ್ಕರ್ ಅಂಟಿಸುವವರು ಸೆನ್ಸರನ್ನು ಬಿಚ್ಚಿ ನೋಡುವುದು ಅಪರೂಪ.

ಇದರ ಪರೀಕ್ಷೆ ಸುಲಭ. ತಣ್ಣಗಿರುವ ಎಂಜಿನ್ನಿನಿಂದ ಸೆನ್ಸರನ್ನು ಬಿಚ್ಚಿ, ಥರ್ಮಾಮೀಟರಿನ ಜೊತೆಗೆ ನೀರಿನ ಪಾತ್ರೆಯಲ್ಲಿ ಇಳಿಬಿಡಿ. ನೀರನ್ನು ಕಾಯಿಸುತ್ತಾ ಪ್ರತಿ ಹತ್ತು ಡಿಗ್ರಿಗೆ ರೋಧವನ್ನು ಮಲ್ಟಿಮೀಟರಿನಿಂದ ಅಳೆದು ನಕ್ಷೆ ಬರೆಯಿರಿ. ಕುದಿಯುವ ನೀರನ್ನು 100 ಡಿಗ್ರಿ ಎಂದು ಭಾವಿಸಬೇಡಿ. ಈ ಪ್ರದೇಶ ಸಮುದ್ರಮಟ್ಟದಿಂದ 800 ಮೀಟರುಗಳಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ರೇಡಿಯೇಟರಿನ ಮುಚ್ಚಳಕ್ಕೆ ಸ್ಪ್ರಿಂಗ್ ಕವಾಟ ಏಕಿದೆ ಎಂಬುದಕ್ಕೂ ಉತ್ತರ ಇಲ್ಲಿದೆ. ಹೊರಗಿನ ಒತ್ತಡಕ್ಕಿಂತ ಸುಮಾರು 0.9 ಬಾರ್ ಹೆಚ್ಚಿನ ಒತ್ತಡವನ್ನು ತಡೆಹಿಡಿಯುವ ಮುಚ್ಚಳವಿದ್ದರೆ, ಒಳಗಿನ ನೀರು 117 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರು ಹರಿದಿದ್ದರೆ ಈ 20 ಡಿಗ್ರಿಗಳ ಅನುಕೂಲವೆಲ್ಲ ನಷ್ಟ. ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆರೆಯಬಾರದೆಂಬ ಎಚ್ಚರಿಕೆಗೂ ಇದೇ ಕಾರಣ. ಒತ್ತಡ ಇಳಿದ ಕ್ಷಣವೇ ನೀರು ಉಕ್ಕಿ ಮುಖಕ್ಕೆ ಹಾರುತ್ತದೆ.

ಇಂಧನ ಮಾಪಕ: ಎರಡು ಭಾಷೆಗಳ ಜಗಳ

ಟ್ಯಾಂಕಿನೊಳಗೆ ತೇಲುವ ಬೆಂಡು, ಅದರ ತೋಳಿನ ತುದಿಯಲ್ಲಿ ರೋಧದ ಪಟ್ಟಿಯ ಮೇಲೆ ಜಾರುವ ಸ್ಪರ್ಶಕ. ಇದು ನಿಮ್ಮ ಪ್ರಯೋಗಾಲಯದ ರಿಯೋಸ್ಟಾಟ್ ಅಲ್ಲದೆ ಬೇರೇನಲ್ಲ. ಡೀಸೆಲ್ ಇಳಿದಂತೆ ರೋಧ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಮುಳ್ಳು ತಿರುಗುತ್ತದೆ.

ತೊಡಕು ಇರುವುದು ಬೇರೆಡೆ. ಯಾವ ರೋಧಕ್ಕೆ ಯಾವ ಮಟ್ಟ ಎಂಬ ವಿಷಯದಲ್ಲಿ ತಯಾರಕರಲ್ಲಿ ಒಮ್ಮತವಿಲ್ಲ. ಯುರೋಪಿನ ಒಂದು ರೂಢಿಯಲ್ಲಿ ಖಾಲಿ ಟ್ಯಾಂಕಿಗೆ 10 ಓಮ್, ತುಂಬಿದ ಟ್ಯಾಂಕಿಗೆ 180 ಓಮ್. ಅಮೆರಿಕದ ಒಂದು ರೂಢಿಯಲ್ಲಿ ಖಾಲಿಗೆ 240 ಓಮ್, ತುಂಬಿದ್ದಕ್ಕೆ 33 ಓಮ್. ಎರಡೂ ಪರಸ್ಪರ ವಿರುದ್ಧ. ಹಳೆಯ ಗಾಡಿಯ ಬೆಂಡು ಕೆಟ್ಟಾಗ 'ಅಳತೆಗೆ ಕೂಡುತ್ತದೆ' ಎಂದು ಬೇರೆ ಮಾದರಿಯದನ್ನು ಕೂರಿಸಿದರೆ, ಅಥವಾ ಗುಜರಿಯಿಂದ ತಂದ ಬೇರೆ ಮೀಟರನ್ನು ಜೋಡಿಸಿದರೆ, ಮುಳ್ಳು ಚಲಿಸುವುದೇನೋ ನಿಜ, ಆದರೆ ಅದು ಹೇಳುವುದನ್ನು ನಂಬುವಂತಿಲ್ಲ. ಒಂದು ಭಾಷೆಯಲ್ಲಿ ಬರೆದದ್ದನ್ನು ಮತ್ತೊಂದು ಭಾಷೆಯವರು ಓದಿದಂತೆ!

ತಂತಿ ಕಡಿದಾಗಿನ ವರ್ತನೆಯನ್ನೂ ಹೋಲಿಸಿ. ಎರಡನೆಯ ರೂಢಿಯಲ್ಲಿ ತಂತಿ ಕಡಿದರೆ ಮಾಪಕ 'ಖಾಲಿ' ಎನ್ನುತ್ತದೆ. ಚಾಲಕ ಬಂಕಿಗೆ ಹೋಗುತ್ತಾನೆ, ಅಲ್ಲಿ ದೋಷ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ತಂತಿ ಕಡಿದರೆ 'ತುಂಬಿದೆ' ಎನ್ನುತ್ತದೆ. ಡೀಸೆಲ್ ಗಾಡಿಯ ಟ್ಯಾಂಕು ಬರಿದಾಗುವುದೆಂದರೆ ಇಂಧನದ ಕೊಳವೆಯೊಳಗೆ ಗಾಳಿ ಸೇರುವುದು. ಆಮೇಲೆ ಡೀಸೆಲ್ ತಂದು ಸುರಿದರೂ ಸಾಲದು, ಗಾಳಿಯನ್ನು ಹೊರತೆಗೆಯಬೇಕು. ಇಂಥ ಆಯ್ಕೆಗಳ ಹಿಂದೆ ಬಳಕೆದಾರನ ಯೋಚನೆ ಎಷ್ಟಿತ್ತು ಎಂದು ಕೇಳುವ ಹಕ್ಕು ನಮಗಿದೆ.

ಹಳೆಯ ವಿನ್ಯಾಸದ ಒಂದು ಗುಣವನ್ನು ಮೆಚ್ಚಲೇಬೇಕು. ಹಲವು ಹಳೆಯ ಮಾಪಕಗಳಲ್ಲಿ ಮುಳ್ಳನ್ನು ತಿರುಗಿಸುವುದು ದ್ವಿಲೋಹ ಪಟ್ಟಿ. ಅದರ ಸುತ್ತಲಿನ ತಂತಿಯಲ್ಲಿ ಪ್ರವಾಹ ಹರಿದಾಗ ಪಟ್ಟಿ ಕಾದು ಬಾಗುತ್ತದೆ. ಕಾಯಲು ಸಮಯ ಬೇಕು. ಹಾಗಾಗಿ ಹಳ್ಳದ ರಸ್ತೆಯಲ್ಲಿ ಡೀಸೆಲ್ ಎಷ್ಟೇ ತುಳುಕಾಡಿದರೂ ಮುಳ್ಳು ಕುಣಿಯುವುದಿಲ್ಲ. ನಿಧಾನವೇ ಇಲ್ಲಿ ಒಂದು ಗುಣ. ಆದರೆ ಇದಕ್ಕೊಂದು ಬೆಲೆಯಿದೆ. ಕಾವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎಂಜಿನ್ ನಿಂತಿದ್ದಾಗ 12 ವೋಲ್ಟ್, ಓಡುವಾಗ 14 ವೋಲ್ಟ್ ಎಂದಿಟ್ಟುಕೊಂಡರೆ ಕಾವು ಶೇಕಡಾ 36ರಷ್ಟು ಏರುತ್ತದೆ. ಇದನ್ನು ತಪ್ಪಿಸಲು ಮೀಟರ್ ಬೋರ್ಡಿನ ಹಿಂಬದಿಯಲ್ಲಿ ಒಂದು ಪುಟ್ಟ ವೋಲ್ಟೇಜ್ ಸ್ಥಿರಕಾರಿ ಇರುತ್ತದೆ. ಇನ್ನು ಕೆಲವು ಮಾಪಕಗಳಲ್ಲಿ ಒಂದಕ್ಕೊಂದು ಅಡ್ಡವಾಗಿ ಸುತ್ತಿದ ಸುರುಳಿಗಳಿದ್ದು, ಮುಳ್ಳು ಅವುಗಳ ಪ್ರವಾಹಗಳ ಅನುಪಾತವನ್ನು ತೋರಿಸುತ್ತದೆ. ವೋಲ್ಟೇಜ್ ಏರಿದರೆ ಎರಡೂ ಪ್ರವಾಹಗಳು ಒಂದೇ ಪ್ರಮಾಣದಲ್ಲಿ ಏರುವುದರಿಂದ ಅನುಪಾತ ಬದಲಾಗುವುದಿಲ್ಲ. ಸೊಗಸಾದ ಉಪಾಯವಲ್ಲವೇ?

ಇದರಿಂದ ದೋಷ ಹುಡುಕುವ ಒಂದು ಸರಳ ಸೂತ್ರ ಸಿಗುತ್ತದೆ. ಒಂದೇ ಮಾಪಕ ತಪ್ಪು ತೋರಿಸಿದರೆ ಅದರದೇ ಸೆನ್ಸರ್, ತಂತಿಗಳನ್ನು ಶಂಕಿಸಿ. ಇಂಧನ ಮತ್ತು ಉಷ್ಣತೆಯ ಮುಳ್ಳುಗಳೆರಡೂ ಒಟ್ಟಿಗೆ ತಪ್ಪಿದರೆ ಇಬ್ಬರಿಗೂ ಸಮಾನವಾದ ಸ್ಥಿರಕಾರಿಯನ್ನು, ಇಲ್ಲವೇ ಅರ್ತಿಂಗನ್ನು ನೋಡಿ. ಎರಡು ಮೀಟರುಗಳನ್ನು ಬದಲಿಸಿ ಹಣ ತೆರುವ ಮೊದಲು ಈ ತರ್ಕವನ್ನು ಬಳಸಿದರೆ ಎಷ್ಟೋ ಉಳಿತಾಯ.

ಎಲ್‌ಇಡಿ: ಬೆಳಕು ಹೆಚ್ಚಿತು, ದೋಷ ಅಡಗಿತು

ಮೀಟರ್ ಬೋರ್ಡಿನ ಹಿಂದೆ ತಲಾ 3 ವ್ಯಾಟಿನ ನಾಲ್ಕು ಬಲ್ಬುಗಳಿವೆ ಎನ್ನಿ. 12 ವೋಲ್ಟ್‌ಗೆ ಒಟ್ಟು ಪ್ರವಾಹ 1 ಆಂಪಿಯರ್. ಈ ಪ್ರವಾಹವೂ ಮಾಪಕಗಳ ಪ್ರವಾಹವೂ ಒಂದೇ ಅರ್ತಿಂಗ್ ತಂತಿಯ ಮೂಲಕ ಹಿಂದಿರುಗುತ್ತವೆ. ಆ ತಂತಿಯ ಸ್ಕ್ರೂ ತುಕ್ಕು ಹಿಡಿದು 1 ಓಮ್ ರೋಧ ಬೆಳೆಸಿಕೊಂಡಿದ್ದರೆ, ದೀಪ ಹಾಕಿದ ಕೂಡಲೆ ಬೋರ್ಡಿನ ಅರ್ತಿಂಗ್ ಸುಮಾರು 1 ವೋಲ್ಟ್ ಮೇಲೇರುತ್ತದೆ. ಮುಳ್ಳುಗಳು ಜಾಗ ಬದಲಿಸುತ್ತವೆ. ರಾತ್ರಿ ದೀಪ ಹಾಕಿದಾಗ ಡೀಸೆಲ್ ಮುಳ್ಳು ಸರಿಯುವುದನ್ನು ನೀವು ಕಂಡಿದ್ದರೆ ಕಾರಣ ಇದೇ ಇರಬೇಕು. ಓಮನ ನಿಯಮಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಬೇಕೇ?

ಈಗ ಬಲ್ಬುಗಳ ಬದಲು ಎಲ್‌ಇಡಿ ಹಾಕಿದರು. ಪ್ರವಾಹ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಮುಳ್ಳಿನ ಸರಿದಾಟ ನಿಂತಿತು. ರಿಪೇರಿಯವರು 'ಸರಿಹೋಯಿತು' ಎಂದರು. ತುಕ್ಕು ಹಿಡಿದ ಸ್ಕ್ರೂ ಮಾತ್ರ ಅಲ್ಲಿಯೇ ಇದೆ. ಅದು ಇನ್ನಷ್ಟು ಕೆಟ್ಟ ದಿನ ದೋಷ ಮತ್ತೆ ತಲೆಯೆತ್ತುತ್ತದೆ.

ಇನ್ನೂ ಗಂಭೀರವಾದದ್ದು ಬ್ಯಾಟರಿ ಚಾರ್ಜಿನ ಕೆಂಪು ದೀಪ. ಅನೇಕ ಹಳೆಯ ಗಾಡಿಗಳಲ್ಲಿ ಈ ಬಲ್ಬು ಬರೀ ಸೂಚಕವಲ್ಲ. ಇದರ ಮೂಲಕ ಹರಿಯುವ ಸುಮಾರು 0.2 ಆಂಪಿಯರ್ ಪ್ರವಾಹವೇ ಆಲ್ಟರ್ನೇಟರಿನ ತಿರುಗುವ ಸುರುಳಿಗೆ ಮೊದಲ ಕಾಂತತ್ವವನ್ನು ಕೊಡುತ್ತದೆ. ಅದರ ಜಾಗದಲ್ಲಿ 0.02 ಆಂಪಿಯರಿನ ಎಲ್‌ಇಡಿ ಕೂರಿಸಿದರೆ ಆಲ್ಟರ್ನೇಟರ್ ಚಾರ್ಜ್ ಮಾಡಲು ಆರಂಭಿಸದೆಯೇ ಇರಬಹುದು. ಅಂದಕ್ಕೆಂದು ಮಾಡಿದ ಬದಲಾವಣೆ ಬ್ಯಾಟರಿಗೆ ಕುತ್ತು ತರುತ್ತದೆ. ಬೆಳಕಿನ ಬಲ್ಬುಗಳನ್ನು ಬದಲಿಸಿದರೂ ಈ ಒಂದನ್ನು ಹಾಗೆಯೇ ಬಿಡಬೇಕು.

ಸ್ಪೀಡೋಮೀಟರ್: ಅರಾಗೋನ ತಟ್ಟೆ

ಕೇಬಲ್ಲಿನಿಂದ ನಡೆಯುವ ಸ್ಪೀಡೋಮೀಟರ್ ಭೌತವಿಜ್ಞಾನದ ಒಂದು ರತ್ನ. ಕೇಬಲ್ಲಿನ ತುದಿಯಲ್ಲಿ ಒಂದು ಕಾಂತ ತಿರುಗುತ್ತದೆ. ಅದನ್ನು ಮುಟ್ಟದೆ ಸುತ್ತುವರಿದ ಅಲ್ಯೂಮಿನಿಯಮ್ ಬಟ್ಟಲಿಗೆ ಮುಳ್ಳನ್ನು ಜೋಡಿಸಿರುತ್ತಾರೆ. ತಿರುಗುವ ಕಾಂತ ಬಟ್ಟಲಿನಲ್ಲಿ ಸುಳಿ ಪ್ರವಾಹಗಳನ್ನು ಹುಟ್ಟಿಸಿ ಅದನ್ನು ತನ್ನೊಂದಿಗೆ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ತಡೆಯುತ್ತದೆ. ಎಳೆತ ವೇಗಕ್ಕೆ ಅನುಪಾತದಲ್ಲಿರುವುದರಿಂದ ಗೆರೆಗಳು ಸಮಾನ ಅಂತರದಲ್ಲಿರುತ್ತವೆ. ತಿರುಗುವ ತಾಮ್ರದ ತಟ್ಟೆ ಕಾಂತಸೂಚಿಯನ್ನು ಎಳೆಯುವುದನ್ನು ಫ್ರಾನ್ಸ್ವಾ ಅರಾಗೋ 1824ರಲ್ಲಿ ಕಂಡ. ಅದರ ಕಾರಣವನ್ನು ಫ್ಯಾರಡೆ 1831ರ ತನ್ನ ಪ್ರೇರಣೆಯ ಸಂಶೋಧನೆಯಿಂದ ವಿವರಿಸಿದ. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಇದನ್ನೇ ಸ್ಪೀಡೋಮೀಟರಾಗಿಸಿ ಪೇಟೆಂಟ್ ಪಡೆದ.

ಇಷ್ಟು ಸೂಕ್ಷ್ಮವಾದ ಉಪಕರಣಕ್ಕೆ ನವೀಕರಣದ ಹೆಸರಿನಲ್ಲಿ ಆಗುವ ಹಾನಿಗಳನ್ನು ಗಮನಿಸಿ.

ಮೊದಲನೆಯದು, ಬಣ್ಣ ಹೊಡೆಯಲು ಮುಳ್ಳನ್ನು ಕೀಳುವುದು. ಸೊನ್ನೆಯ ಬಳಿ ಮುಳ್ಳು ಒಂದು ಸಣ್ಣ ಗೂಟಕ್ಕೆ ಒರಗಿರುತ್ತದೆ. ಅದು ಸ್ಪ್ರಿಂಗಿನ ನಿಜವಾದ ವಿಶ್ರಾಂತಿಯ ಸ್ಥಾನವಲ್ಲ. ಗೂಟವನ್ನು ದಾಟಿಸಿ ಬಿಟ್ಟರೆ ಮುಳ್ಳು ಇನ್ನೂ ಕೆಳಗೆ ಹೋಗಿ ನಿಲ್ಲುತ್ತದೆ. ಆ ಸ್ಥಾನವನ್ನು ಗುರುತು ಹಾಕಿಕೊಳ್ಳದೆ ಕಿತ್ತು, ಮತ್ತೆ ಗೂಟದ ಬಳಿಯೇ ಕೂರಿಸಿದರೆ ಸೊನ್ನೆಯ ದೋಷ ಎಲ್ಲ ವೇಗಗಳಿಗೂ ಅಂಟಿಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಮುಳ್ಳು ಸರಿಯಾಗಿ ಸೊನ್ನೆಯಲ್ಲಿ ಇರುವುದರಿಂದ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯದು, ಮುಳ್ಳು ನಡುಗುತ್ತದೆಂದು ಮೀಟರಿನೊಳಗೆ ಎಣ್ಣೆ ಬಿಡುವುದು. ನಡುಕಕ್ಕೆ ಕಾರಣ ಸಾಮಾನ್ಯವಾಗಿ ಒಣಗಿದ ಅಥವಾ ಮಡಿಚಿದ ಕೇಬಲ್. ಕೇಬಲ್ಲಿಗೆ ಹಿತಮಿತವಾಗಿ ಗ್ರೀಸ್ ಹಚ್ಚಬೇಕು. ಮೀಟರಿನೊಳಗೆ ಸೇರಿದ ಎಣ್ಣೆ ಕಾಂತ ಮತ್ತು ಬಟ್ಟಲಿನ ನಡುವೆ ತುಂಬಿಕೊಂಡು ಮುಳ್ಳನ್ನು ತಪ್ಪಾಗಿ ಎಳೆಯುತ್ತದೆ.

ಮೂರನೆಯದು, ಬಿಡಿ ಭಾಗಗಳನ್ನು ಕಳೆಯುವುದು. ಅಲ್ಯೂಮಿನಿಯಮಿನ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು ಏರುತ್ತದೆ. 20 ಡಿಗ್ರಿಯ ಮುಂಜಾವಿನಲ್ಲಿ ಸರಿಯಿದ್ದ ಮೀಟರು, ಮಧ್ಯಾಹ್ನ ಡ್ಯಾಶ್‌ಬೋರ್ಡ್ 50 ಡಿಗ್ರಿಗೆ ಕಾದಾಗ ಶೇಕಡಾ 11-12ರಷ್ಟು ಕಡಿಮೆ ತೋರಿಸಬೇಕು. ಹಾಗಾಗದಂತೆ ಕಾಂತದ ಜೊತೆಗೆ ನಿಕಲ್-ಕಬ್ಬಿಣದ ಮಿಶ್ರಲೋಹದ ಒಂದು ತುಣುಕನ್ನು ಇಟ್ಟಿರುತ್ತಾರೆ. ತಣ್ಣಗಿದ್ದಾಗ ಅದು ಕಾಂತಕ್ಷೇತ್ರದ ಒಂದು ಪಾಲನ್ನು ತನ್ನ ಮೂಲಕ ಹಾಯಿಸಿಕೊಳ್ಳುತ್ತದೆ, ಬಿಸಿಯಾದಾಗ ಬಿಟ್ಟುಕೊಡುತ್ತದೆ. 'ಇದೇನೋ ವಾಷರ್' ಎಂದು ಅದನ್ನು ಎತ್ತಿಟ್ಟರೆ ಮೀಟರು ಬಿಸಿಲಿಗೆ ತಕ್ಕಂತೆ ಮಾತು ಬದಲಿಸುತ್ತದೆ.

ವೇಗವನ್ನು ಕಡಿಮೆ ತೋರಿಸುವುದು ಹೆಚ್ಚು ತೋರಿಸುವುದಕ್ಕಿಂತ ಅಪಾಯಕಾರಿ. ವಿಶ್ವಸಂಸ್ಥೆಯ 39ನೆಯ ವಾಹನ ನಿಬಂಧನೆಯ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಿದರೂ ನಿಜವೇಗದ ಹತ್ತನೆಯ ಒಂದು ಪಾಲು ಮತ್ತು ಗಂಟೆಗೆ 4 ಕಿ.ಮೀ. ಕೂಡಿದಷ್ಟನ್ನು ಮೀರಬಾರದು. ಎಂದರೆ 60 ಕಿ.ಮೀ. ವೇಗದಲ್ಲಿ ಮೀಟರು 60ರಿಂದ 70ರ ನಡುವೆ ಇರಬೇಕು. ದೋಷದ ದಿಕ್ಕನ್ನೂ ನಿಗದಿ ಮಾಡಿರುವ ಈ ನಿಬಂಧನೆ, ಉಷ್ಣತಾ ಮಾಪಕದ ವಿನ್ಯಾಸದಲ್ಲಿ ಕಾಣದ ವಿವೇಕವನ್ನು ತೋರಿಸುತ್ತದೆ.

ಪರೀಕ್ಷೆಗೆ ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳೇ ಸಾಕು. ಚಾಲಕರು ಮೀಟರಿನ 40ರಲ್ಲಿ ಸ್ಥಿರವಾಗಿ ಓಡಿಸಲಿ, ಪಕ್ಕದಲ್ಲಿ ಕುಳಿತವರು ಸಮಯ ನೋಡಲಿ. ಒಂದು ಕಿಲೋಮೀಟರಿಗೆ 90 ಸೆಕೆಂಡ್ ಹಿಡಿಯಬೇಕು. 80 ಸೆಕೆಂಡಿಗೇ ಕಲ್ಲು ಬಂದರೆ ನಿಜವೇಗ 45, ಮೀಟರು ಕಡಿಮೆ ಹೇಳುತ್ತಿದೆ. ಕಲ್ಲುಗಳ ಅಂತರದಲ್ಲಿ ಏರುಪೇರಿರಬಹುದಾದ್ದರಿಂದ ಐದಾರು ಕಿಲೋಮೀಟರುಗಳ ಸರಾಸರಿ ತೆಗೆದುಕೊಳ್ಳಿ. ಮೊಬೈಲಿನ ಜಿಪಿಎಸ್ ಜೊತೆಗೂ ಹೋಲಿಸಿ.

ಇನ್ನು ಓಡಿದ ದೂರದ ಅಂಕಿಗಳನ್ನು ಹಿಂದಕ್ಕೆ ತಿರುಗಿಸುವುದನ್ನೂ ಕೆಲವರು ನವೀಕರಣದ ಪಟ್ಟಿಗೆ ಸೇರಿಸುತ್ತಾರೆ. ಅದಕ್ಕೆ ಮೋಸ ಎಂಬ ಹೆಸರು ಸಾಕು. ಮೀಟರ್ ಬದಲಿಸಲೇಬೇಕಾದರೆ ಹಳೆಯದರ ಅಂಕಿಯನ್ನು ದಿನಾಂಕದೊಂದಿಗೆ ಬಿಲ್ಲಿನಲ್ಲಿ ಬರೆಸಿಡುವುದು ಪ್ರಾಮಾಣಿಕ ಮಾರ್ಗ.

ಮೆಚ್ಚಬೇಕಾದ ಕೈಗಳು

ಈ ವಿಮರ್ಶೆಯನ್ನು ಊರಿನ ಮೆಕ್ಯಾನಿಕ್‌ಗಳ ಮೇಲಿನ ದೂರೆಂದು ಓದಬಾರದು. ಸೆನ್ಸರಿನ ತಂತಿಯನ್ನು ಬಿಚ್ಚಿ, ಒಂದು ಟೆಸ್ಟ್ ಬಲ್ಬಿನ ಮೂಲಕ ಕ್ಷಣಕಾಲ ಬಾಡಿಗೆ ಮುಟ್ಟಿಸಿ, ಮುಳ್ಳು ಎದ್ದರೆ 'ಮೀಟರ್ ಸರಿಯಿದೆ, ಸೆನ್ಸರ್ ಹೋಗಿದೆ' ಎಂದು ಹೇಳುವ ಮೆಕ್ಯಾನಿಕ್ ಮಾಡುತ್ತಿರುವುದು ಶುದ್ಧ ವೈಜ್ಞಾನಿಕ ಪ್ರಯೋಗ. ಒಂದು ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಪರೀಕ್ಷಿಸುವ ಈ ಕ್ರಮ ನಮ್ಮ ಎಷ್ಟೋ ಪದವೀಧರರಿಗೆ ಹೊಳೆಯುವುದಿಲ್ಲ. ಅವರಿಗೆ ಕೊರತೆಯಿರುವುದು ಮಾದರಿವಾರು ರೋಧದ ಕೋಷ್ಟಕ. ಅದನ್ನು ಕನ್ನಡದಲ್ಲಿ ಒದಗಿಸುವ ಹೊಣೆ ತಯಾರಕರದು. ಇಂದಿನ ಗಾಡಿಗಳಲ್ಲಿ ಬೋರ್ಡನ್ನು ಬಿಚ್ಚಲಾಗದಂತೆ ಮುಚ್ಚಿ, ಪೂರ್ತಿ ಬದಲಿಸಿ ಎನ್ನುವ ಪದ್ಧತಿ ಹೆಚ್ಚಿದೆ. ಹಲವು ಹೊಸ ಕಾರುಗಳಲ್ಲಿ ಉಷ್ಣತೆ ಸಾಕಷ್ಟು ಏರಿಳಿದರೂ ಮುಳ್ಳು ನಡುವೆಯೇ ನಿಲ್ಲುವಂತೆ ಎಲೆಕ್ಟ್ರಾನಿಕ್ ಮಂಡಲವನ್ನು ರೂಪಿಸಿರುತ್ತಾರೆ. ಚಾಲಕ ಗಾಬರಿಯಾಗದಿರಲಿ ಎಂಬುದು ಉದ್ದೇಶ. ಆದರೆ ಮಾಪಕದ ಕೆಲಸ ಸಮಾಧಾನ ಹೇಳುವುದೇ?

ತರಗತಿಗೆ ಒಂದು ಮೀಟರ್ ಬೋರ್ಡ್

ಕೊನೆಯದಾಗಿ ಅಧ್ಯಾಪಕ ಮಿತ್ರರಿಗೆ ಒಂದು ಮಾತು. ದ್ವಿತೀಯ ಪಿಯುಸಿಯಲ್ಲಿ ಚಲಿಸುವ ಸುರುಳಿಯ ಗ್ಯಾಲ್ವನೊಮೀಟರ್, ಅರೆವಾಹಕ ಎಲ್ಲವನ್ನೂ ಕಲಿಸುತ್ತೇವೆ. ವಿದ್ಯಾರ್ಥಿ ಸೂತ್ರಗಳನ್ನು ಒಪ್ಪಿಸುತ್ತಾನೆ. ಅವನ ಮನೆಯ ಮುಂದೆ ನಿಂತ ಪಿಕಪ್‌ನಲ್ಲಿ ಇವೆಲ್ಲ ಒಂದೇ ಚೌಕಟ್ಟಿನೊಳಗೆ ಇವೆ ಎಂದು ನಾವು ಹೇಳುವುದಿಲ್ಲ. ಗುಜರಿ ಅಂಗಡಿಯಿಂದ ಒಂದು ಹಳೆಯ ಬೋರ್ಡು, ಒಂದು ಬೆಂಡು, ಒಂದು ಸೆನ್ಸರ್ ತನ್ನಿ. ಟ್ಯಾಂಕಿನಿಂದ ತೆಗೆದ ಬೆಂಡನ್ನು ತೊಳೆದು ಒಣಗಿಸಿ, ಇಂಧನದ ವಾಸನೆ ಪೂರ್ತಿ ಹೋದಮೇಲಷ್ಟೇ ವಿದ್ಯುತ್ ಕೊಡಿ. ಮುಂಗಾಜಿನ ಪ್ಲಾಸ್ಟಿಕ್ಕನ್ನು ಒಣಬಟ್ಟೆಯಿಂದ ಉಜ್ಜಿ ಮುಳ್ಳು ಅತ್ತಿತ್ತ ಸರಿಯುವುದನ್ನು ತೋರಿಸಿ. ಅದು ಸ್ಥಿರ ವಿದ್ಯುತ್ತಿನ ಕೆಲಸ. ಒದ್ದೆ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಥಿನ್ನರ್ ಮಾತ್ರ ಬೇಡ, ಪ್ಲಾಸ್ಟಿಕ್ ಬಿರಿಯುತ್ತದೆ.

ಹಳೆಯ ಗಾಡಿಯ ಬೋರ್ಡಿಗೆ ಹೊಳಪು ಕೊಡಬಾರದೆಂದು ಯಾರೂ ಹೇಳುವುದಿಲ್ಲ. ಮಬ್ಬಾದ ಗಾಜಿನ ಹಿಂದಿನ ಅಂಕಿ ಓದಲಾಗದಿದ್ದರೆ ಸರಿಯಾದ ಮಾಪಕವೂ ವ್ಯರ್ಥ. ಕ್ರಮ ಮಾತ್ರ ಹೀಗಿರಲಿ: ಮೊದಲು ಅರ್ತಿಂಗ್, ನಂತರ ಸೆನ್ಸರ್, ಆಮೇಲೆ ಅಂಶಾಂಕನ, ಕೊನೆಗೆ ಬಣ್ಣ. ಮುಂದಿನ ಬಾರಿ ನಿಮ್ಮೂರಿನ ಗ್ಯಾರೇಜಿನಲ್ಲಿ ಮೀಟರ್ ಬೋರ್ಡ್ ಬಿಚ್ಚಿದಾಗ, ಕೆಲಸ ಮುಗಿದಿದೆ ಎಂದವರನ್ನು 'ಯಾವುದರೊಂದಿಗೆ ಹೋಲಿಸಿ ನೋಡಿದಿರಿ?' ಎಂದು ವಿನಯದಿಂದ ಕೇಳಿ. ಪ್ರಯೋಗಾಲಯದಲ್ಲಿ ನಿಮ್ಮ ವಿದ್ಯಾರ್ಥಿಗಳನ್ನೂ ಇದೇ ಪ್ರಶ್ನೆ ಕೇಳಿ.